ಅರಸೀಕೆರೆ ತನಕ ರೈಲು, ಮುಂದಕ್ಕೆ ಯಾರು?

ದಸರಾ ರಜೆ ಹತ್ತಿರ ಬಂತೆಂದರೆ ಬಿಕ್ಕೋಡಿನ ಬಸ್ ಸ್ಟಾಪಿನ ಹೋಟೆಲುಗಳಲ್ಲಿ ಒಂದು ಮಾತು ತಪ್ಪದೆ ಏಳುತ್ತದೆ. "ಈ ಸಲ ಹುಡುಗರಿಗೆ ಹಂಪಿ ತೋರಿಸ್ಲೇಬೇಕು ಕಣಣ್ಣ" ಅನ್ನುತ್ತಾನೆ ಒಬ್ಬ. "ತೋರ್ಸಪ್ಪ, ಬೇಡ ಅಂದೋರ್ಯಾರು? ಒಂದು ಗಾಡಿ ಮಾಡ್ಕೊಂಡು ಹೋಗ್ ಬಾ" ಅನ್ನುತ್ತಾನೆ ಇನ್ನೊಬ್ಬ. ಗಾಡಿ ಬಾಡಿಗೆ, ಡೀಸೆಲ್ಲು, ಟೋಲು, ಡ್ರೈವರ್ ಬ್ಯಾಟ ಅಂತ ಲೆಕ್ಕ ಕೂಡಿಸುವಷ್ಟರಲ್ಲಿ ಕಾಫಿ ತಣ್ಣಗಾಗುತ್ತದೆ. ಮಾತೂ ತಣ್ಣಗಾಗುತ್ತದೆ.

ರಜೆ ಮುಗಿದ ಹಿಂದೆಯೇ ಕಾಫಿ ಕುಯ್ಲು ಬರುತ್ತದೆ. ಆಗ ಮನೆ ಬಿಟ್ಟು ಹೊರಡುವ ಮಾತೇ ಇಲ್ಲ. ಬೇಸಿಗೆ ರಜೆಯಲ್ಲಿ ನೋಡಿಕೊಳ್ಳೋಣ ಅಂದರೆ ಬಾದಾಮಿ, ವಿಜಯಪುರದ ಕಡೆ ನೆತ್ತಿ ಸುಡುವ ಬಿಸಿಲು. ಹೀಗೆ ವರ್ಷದ ಮೇಲೆ ವರ್ಷ ಉರುಳಿ ಹುಡುಗರು ಎಸ್ಸೆಸ್ಸೆಲ್ಸಿ ಮುಗಿಸಿ ಊರು ಬಿಡುತ್ತಾರೆ. ಸಮಾಜ ಪುಸ್ತಕದಲ್ಲಿ ಚಾಲುಕ್ಯರು, ವಿಜಯನಗರ, ಆದಿಲ್‌ಶಾಹಿಗಳನ್ನೆಲ್ಲ ಬಾಯಿಪಾಠ ಮಾಡಿ ನೂರಕ್ಕೆ ತೊಂಬತ್ತು ತೆಗೆದ ಹುಡುಗಿ, ಬಾದಾಮಿ ಯಾವ ದಿಕ್ಕಿಗಿದೆ ಅಂತ ಕೇಳಿದರೆ ಅಪ್ಪನ ಮುಖ ನೋಡುತ್ತಾಳೆ. ಅಪ್ಪ ರಸ್ತೆ ನೋಡುತ್ತಾನೆ.

ಇದೇ ಹಾಸನ ಜಿಲ್ಲೆಯಲ್ಲಿ ಅರಸೀಕೆರೆ ಅನ್ನುವ ಜಂಕ್ಷನ್ ಇದೆ. 1880ರ ದಶಕದಿಂದ ಅಲ್ಲಿ ರೈಲು ಓಡುತ್ತಿದೆ. ಬೆಂಗಳೂರು–ಹುಬ್ಬಳ್ಳಿ ಮಾರ್ಗ ಒಂದು ಕಡೆ, ಹಾಸನದ ಮೇಲೆ ಬರುವ ಮೈಸೂರು ಮಾರ್ಗ ಇನ್ನೊಂದು ಕಡೆ. ಆ ಪ್ಲಾಟ್‌ಫಾರಂ ಮೇಲೆ ನಿಂತವನಿಗೆ ಕರ್ನಾಟಕದ ಅರ್ಧ ಚರಿತ್ರೆ ಒಂದು ರಾತ್ರಿಯ ದೂರ. ಆದರೂ ಬಿಕ್ಕೋಡಿನ ಸಂಸಾರಕ್ಕೆ ಅದು ಯಾಕೆ ಕೈಗೆಟುಕುತ್ತಿಲ್ಲ? ವಿಚಾರ ಮಾಡಬೇಕಾದದ್ದು ಇಲ್ಲೇ.

ದಾರಿ ಇದೆ, ನೋಡಿದವರು ಕಡಿಮೆ

ಒಂದು ವಾರದ ಪ್ರವಾಸ ಅಂತ ಇಟ್ಟುಕೊಳ್ಳಿ. ಅರಸೀಕೆರೆಯಲ್ಲೇ ಶುರುಮಾಡಬಹುದು. ಊರೊಳಗೇ 1220ರ ಹೊಯ್ಸಳರ ಶಿವಾಲಯವಿದೆ. ಅದರ ನಕ್ಷತ್ರಾಕಾರದ ಮಂಟಪವನ್ನು ನೋಡದೆ ರೈಲು ಹತ್ತಿ ಹೋದವರೇ ಹೆಚ್ಚು. ಅಲ್ಲಿಂದ ಹುಬ್ಬಳ್ಳಿ ಕಡೆಯ ಗಾಡಿ ಹತ್ತಿದರೆ ದಾವಣಗೆರೆ ದಾಟಿ ಹರಿಹರ ಸಿಗುತ್ತದೆ. ತುಂಗಭದ್ರೆಯ ದಡದ ಹರಿಹರೇಶ್ವರನ ಗುಡಿಯೂ ಹೊಯ್ಸಳರ ಕಾಲದ್ದೇ. ಮುಂದೆ ಹುಬ್ಬಳ್ಳಿ, ಅದರಾಚೆ ಗದಗ. ಗದಗದಲ್ಲಿ ತ್ರಿಕೂಟೇಶ್ವರ ಉಂಟು, ಕುಮಾರವ್ಯಾಸ ಕುಳಿತು ಭಾರತ ಬರೆದನೆಂದು ಜನ ನಂಬಿರುವ ವೀರನಾರಾಯಣನ ಗುಡಿಯೂ ಉಂಟು.

ಗದಗದಲ್ಲಿ ದಾರಿ ಎರಡಾಗುತ್ತದೆ. ಉತ್ತರಕ್ಕೆ ಹೋದರೆ ಬಾದಾಮಿ, ಬಾಗಲಕೋಟೆ, ವಿಜಯಪುರ. ಬಾದಾಮಿಯ ಮೂರನೇ ಗುಹೆಯ ಶಾಸನ ಕ್ರಿ.ಶ. 578ರದ್ದು, ಬೇಲೂರಿನ ಚೆನ್ನಕೇಶವ ಪ್ರತಿಷ್ಠೆಯಾದ 1117ಕ್ಕಿಂತ ಐನೂರು ವರ್ಷ ಹಿಂದಿನ ಮಾತು. ಬೇಲೂರಿನ ಕೆತ್ತನೆ ಕಂಡು ಬೆಳೆದ ಹುಡುಗರು ಈ ಗುಹೆ ನೋಡಿದರೆ, ಕಲ್ಲಿನ ಕೆಲಸ ಎಲ್ಲಿಂದ ಹೊರಟು ಎಲ್ಲಿಗೆ ಬಂತು ಅನ್ನುವುದು ಮೇಷ್ಟರು ಹೇಳದೆಯೇ ಅರ್ಥವಾಗುತ್ತದೆ. ಬಾದಾಮಿಯಿಂದ ಪಟ್ಟದಕಲ್ಲಿಗೆ ಬಸ್ಸಿನ ದಾರಿ 22 ಕಿ.ಮೀ. ವಿಜಯಪುರದಲ್ಲಿ 1656ರ ಗೋಳಗುಮ್ಮಟ ಸ್ಟೇಷನ್ನಿಗೆ ಹತ್ತಿರದಲ್ಲೇ ಇದೆ. ಮೈಸೂರಿನಿಂದ ಹೊರಡುವ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ಅರಸೀಕೆರೆ, ಹುಬ್ಬಳ್ಳಿ, ಗದಗ, ಬಾದಾಮಿಯ ಮೇಲೆಯೇ ವಿಜಯಪುರಕ್ಕೆ ಹೋಗುತ್ತದೆ. ಗಾಡಿ ಬದಲಾಯಿಸುವ ತಾಪತ್ರಯವೂ ಇಲ್ಲ.

ಗದಗದಿಂದ ಪೂರ್ವಕ್ಕೆ ತಿರುಗಿದರೆ ಹೊಸಪೇಟೆ. ಅಲ್ಲಿಂದ ಹಂಪಿಗೆ ಬರೀ 13 ಕಿ.ಮೀ. ವಾಪಸು ಬರುವುದಕ್ಕೆ ಹಂಪಿ ಎಕ್ಸ್‌ಪ್ರೆಸ್ ಗುಂತಕಲ್ ಮೇಲೆ ಬೆಂಗಳೂರಿಗೆ ತಂದು ಬಿಡುತ್ತದೆ. ಬೆಂಗಳೂರಿನಿಂದ ಹಾಸನಕ್ಕೆ ಶ್ರವಣಬೆಳಗೊಳದ ಮೇಲೆ ನೇರ ರೈಲು 2017ರ ಮಾರ್ಚಿನಿಂದ ಓಡುತ್ತಿದೆ. ಬೆಟ್ಟದ ಗೊಮ್ಮಟನಿಗೆ ಕೈ ಮುಗಿದು ಹಾಸನದಲ್ಲಿ ಇಳಿದರೆ ಸುತ್ತು ಪೂರ್ತಿ.

ಇದು ಸಾಹುಕಾರರಿಗೆ ಗೊತ್ತಿಲ್ಲದ ದಾರಿಯೇನಲ್ಲ. 2008ರಲ್ಲಿ 'ಸುವರ್ಣ ರಥ' ಅನ್ನುವ ಐಷಾರಾಮಿ ರೈಲು ಶುರುವಾದಾಗ ಹಿಡಿದದ್ದು ಹೆಚ್ಚುಕಮ್ಮಿ ಇದೇ ದಾರಿಯನ್ನೇ: ಮೈಸೂರು, ಬೇಲೂರು–ಹಳೇಬೀಡು, ಹಂಪಿ, ಬಾದಾಮಿ. ಸಾವಿರಾರು ಮೈಲಿ ದೂರದಿಂದ ಬಂದವರು ನೋಡಿ ಹೋಗುತ್ತಾರೆ. ಪಕ್ಕದ ಹೋಬಳಿಯವರು ಕ್ಯಾಲೆಂಡರಿನಲ್ಲಿ ನೋಡುತ್ತಾರೆ!

ಹೊರಡುವ ಮುನ್ನ

ಮೊದಲನೆಯದು, ಎಲ್ಲವನ್ನೂ ಒಂದೇ ಸಲ ನುಂಗಲು ಹೋಗಬಾರದು. ಏಳು ದಿನಕ್ಕೆ ಏಳು ಊರು ಅಂತ ಹೊರಟ ಸಂಸಾರ ನೋಡುವುದು ಏಳು ಪ್ಲಾಟ್‌ಫಾರಂಗಳನ್ನು ಮಾತ್ರ. ಮೂರು ಊರು ಸಾಕು: ಬಾದಾಮಿ, ವಿಜಯಪುರ, ಹಂಪಿ. ರಾತ್ರಿ ಪ್ರಯಾಣದ ಗಾಡಿ ಸಿಕ್ಕರೆ ಲಾಡ್ಜಿನ ಒಂದು ರಾತ್ರಿಯ ಬಾಡಿಗೆಯೂ ಉಳಿಯಿತು. ದೊಡ್ಡ ಸ್ಟೇಷನ್ನುಗಳ ಕ್ಲೋಕ್ ರೂಮಿನಲ್ಲಿ ಸಾಮಾನು ಇಡಬಹುದು, ಆದರೆ ಬೀಗವಿಲ್ಲದ ಚೀಲ ತೆಗೆದುಕೊಳ್ಳುವುದಿಲ್ಲ. ಹೊರಡುವಾಗ ನಾಲ್ಕು ಸಣ್ಣ ಬೀಗ ಕೊಂಡುಕೊಂಡರೆ ಊರಿನ ಅಂಗಡಿಗೂ ವ್ಯಾಪಾರ.

ಎರಡನೆಯದು, ಸೀಟು. ರಿಸರ್ವೇಷನ್ 60 ದಿನ ಮೊದಲು ತೆರೆಯುತ್ತದೆ; 2024ರ ನವೆಂಬರಿಗೆ ಮುಂಚೆ 120 ದಿನವಿತ್ತು. ದಸರೆಗೆ ಹೋಗುವವರು ಶ್ರಾವಣದಲ್ಲೇ ಎಚ್ಚರವಾಗಬೇಕು. ಗಣಪತಿ ಬಿಟ್ಟ ಮೇಲೆ ವಿಚಾರಿಸಿದರೆ ವೆಯ್ಟಿಂಗ್ ಲಿಸ್ಟೇ ಗತಿ. ಐದು ವರ್ಷದೊಳಗಿನ ಮಗುವಿಗೆ ಬರ್ತ್ ಬೇಡವೆಂದರೆ ಟಿಕೆಟ್ಟೂ ಬೇಡ. ಐದರಿಂದ ಹನ್ನೆರಡರೊಳಗಿನವರಿಗೆ ಬರ್ತ್ ಬೇಕೆಂದರೆ ಪೂರ್ತಿ ಚಾರ್ಜು, ಬೇಡವೆಂದರೆ ಅರ್ಧ. ಅಜ್ಜ ಅಜ್ಜಿಯರಿಗಿದ್ದ ರಿಯಾಯಿತಿ ಮಾತ್ರ 2020ರ ಮಾರ್ಚಿನಲ್ಲಿ ನಿಂತುಹೋಯಿತು. ಅದನ್ನು ನಂಬಿ ಲೆಕ್ಕ ಹಾಕಬಾರದು.

ಮೂರನೆಯದು, ಟಿಕೆಟ್ಟಿನ ಗುಟ್ಟು. ರೈಲಿನಲ್ಲಿ ದೂರ ಹೆಚ್ಚಿದಷ್ಟೂ ಕಿಲೋಮೀಟರಿನ ದರ ಇಳಿಯುತ್ತದೆ. ತುಂಡು ತುಂಡಾಗಿ ತೆಗೆದ ನಾಲ್ಕು ಟಿಕೆಟ್ಟಿಗಿಂತ ಉದ್ದದ ಒಂದು ಟಿಕೆಟ್ ಅಗ್ಗ. ಹೊರಟ ಸ್ಟೇಷನ್ನಿಗೇ ಸುತ್ತಿ ಬರುವವರಿಗೆ 'ಸರ್ಕ್ಯುಲರ್ ಜರ್ನಿ ಟಿಕೆಟ್' ಅಂತ ಬೇರೆಯೇ ಇದೆ. ಅದರಲ್ಲಿ ಎಂಟು ಕಡೆಯವರೆಗೆ ಇಳಿದು ಹತ್ತಬಹುದು. ಮೊಬೈಲಿನಲ್ಲಿ ಒತ್ತಿ ತೆಗೆಯುವ ಟಿಕೆಟ್ ಅದಲ್ಲ. ದೊಡ್ಡ ಸ್ಟೇಷನ್ನಿಗೆ ಹೋಗಿ, ದಾರಿ ಬರೆದುಕೊಟ್ಟು, ಈ ಸುತ್ತಿಗೆ ಸಿಗುತ್ತದೆಯೇ ಅಂತ ಕೇಳಬೇಕು. ಕೇಳುವವರೇ ಇಲ್ಲದಿದ್ದರೆ ಕೌಂಟರಿನಲ್ಲಿ ಕೂತವರಿಗೂ ನಿಯಮ ಮರೆತುಹೋಗುತ್ತದೆ.

ಇನ್ನೊಂದು ಸಣ್ಣ ಮಾತು, ಮರೆತರೆ ದೊಡ್ಡದಾಗುವಂಥದ್ದು. ಪುರಾತತ್ವ ಇಲಾಖೆಯ ಮ್ಯೂಸಿಯಂಗಳಿಗೆ ಸಾಮಾನ್ಯವಾಗಿ ಶುಕ್ರವಾರ ರಜೆ. ಅಷ್ಟು ದೂರ ಹೋಗಿ ಬೀಗ ನೋಡಿಕೊಂಡು ಬರುವುದು ಬೇಡ.

"ಹೆಂಗಸ್ರಿಗೆ ಬಸ್ಸೇ ಪುಕ್ಕಟೆ, ರೈಲಿಗ್ಯಾಕೆ ದುಡ್ಡು ಕೊಡ್ಬೇಕು?" ಅಂತ ಕೇಳುವವರಿದ್ದಾರೆ. ಕೇಳುವುದು ನ್ಯಾಯ. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ, ಹೊಲಮನೆ ಬಿಟ್ಟರೆ ತವರು, ತವರು ಬಿಟ್ಟರೆ ಸಂತೆ ಅಂತಿದ್ದ ಹೆಣ್ಣುಮಕ್ಕಳು ಧರ್ಮಸ್ಥಳ, ಕುಕ್ಕೆ ನೋಡಿ ಬಂದರು. ಅದು ಸಣ್ಣ ಮಾತಲ್ಲ. ಆದರೆ ವಿಜಯಪುರದಷ್ಟು ದೂರವನ್ನು ಮಗುವನ್ನು ತೊಡೆ ಮೇಲೆ ಇಟ್ಟುಕೊಂಡು, ಸಾಧಾರಣ ಬಸ್ಸುಗಳನ್ನು ಬದಲಾಯಿಸುತ್ತ ಕ್ರಮಿಸುವುದು ಹುಡುಗಾಟವೇ? ದೂರಕ್ಕೆ ರೈಲು, ಹತ್ತಿರಕ್ಕೆ ಬಸ್ಸು. ಎರಡನ್ನೂ ಜೋಡಿಸಿಕೊಂಡವನ ಜೇಬಿನಲ್ಲಿ ದುಡ್ಡು ಉಳಿಯುತ್ತದೆ, ಸೊಂಟವೂ ಉಳಿಯುತ್ತದೆ.

ಕೊಂಡಿ ತಪ್ಪುವುದು ಎಲ್ಲಿ?

ಜೋಡಿಸಿಕೊಂಡರೆ ತಾನೇ! ಇಡೀ ಪ್ರವಾಸದಲ್ಲಿ ಕಷ್ಟದ ಭಾಗ ಬಾದಾಮಿಯಲ್ಲೂ ಇಲ್ಲ, ಗುಂತಕಲ್ಲಿನಲ್ಲೂ ಇಲ್ಲ. ಬಿಕ್ಕೋಡಿನಿಂದ ಅರಸೀಕೆರೆಗೆ ಹೋಗುವುದು ಮತ್ತು ಹಾಸನದಿಂದ ಬಿಕ್ಕೋಡಿಗೆ ಮರಳುವುದು, ಕಷ್ಟವೆಲ್ಲ ಈ ಎರಡು ತುದಿಗಳಲ್ಲಿದೆ.

ರಾತ್ರಿಯ ರೈಲಿಗೆ ಬಿಕ್ಕೋಡಿನಿಂದ ಹೊರಡುವವನು ಬೇಲೂರಿಗೆ ಬರಬೇಕು. ಹಳೇಬೀಡು, ಜಾವಗಲ್ ಮೇಲೆ ಅರಸೀಕೆರೆಗೆ ಹೋಗುವುದೋ, ಹಾಸನಕ್ಕೆ ಹೋಗಿ ಅಲ್ಲಿಂದ ರೈಲಿಗೋ ಬಸ್ಸಿಗೋ ಹತ್ತುವುದೋ ಅಂತ ತೂಗಿ ನೋಡಬೇಕು. ಒಂದು ಬಸ್ಸು ತಪ್ಪಿದರೆ ಮುಂದಿನದು ಯಾವಾಗ? ಅದು ಹೋಗಿ ಮುಟ್ಟುವಷ್ಟರಲ್ಲಿ ಗಾಡಿ ಇರುತ್ತದೋ ಇಲ್ಲವೋ? ಈ ಭಯಕ್ಕೆ ನಾಲ್ಕು ಗಂಟೆ ಮೊದಲೇ ಹೋಗಿ ಪ್ಲಾಟ್‌ಫಾರಂನಲ್ಲಿ ಚೀಲ ತಲೆದಿಂಬು ಮಾಡಿಕೊಂಡು ಬಿದ್ದಿರುವ ಸಂಸಾರಗಳನ್ನು ಅರಸೀಕೆರೆ ಎಷ್ಟು ಕಂಡಿಲ್ಲ?

ಮರಳುವಾಗ ಇನ್ನೂ ಕಷ್ಟ. ಹಾಸನಕ್ಕೆ ರಾತ್ರಿ ಬಂದಿಳಿದವನಿಗೆ ಬೇಲೂರಿನ ತನಕ ಹೇಗೋ ಸಿಕ್ಕೀತು ಅನ್ನೋಣ. ಮುಂದೆ? ಬಿಕ್ಕೋಡು ಕಾಡಾನೆ ಓಡಾಡುವ ಹೋಬಳಿ. ಕತ್ತಲಾದ ಮೇಲೆ ಕಾಫಿ ತೋಟದ ದಾರಿಯಲ್ಲಿ ಹೆಂಡತಿ ಮಕ್ಕಳನ್ನು ನಡೆಸಿಕೊಂಡು ಹೋಗುವ ಧೈರ್ಯ ಯಾವ ಗಂಡಸಿಗಿದೆ? ಆನೆ ಇದೆ ಅಂತ ಮೊಬೈಲಿನಲ್ಲಿ ಸುದ್ದಿ ಬಂದ ದಿನ ಹಗಲು ಹೊತ್ತೇ ಕೂಲಿಗೆ ಹೋಗಲು ಜನ ಹೆದರುತ್ತಾರೆ. ಆದ್ದರಿಂದ ಈ ಭಾಗದವರು ಪ್ರವಾಸದ ಲೆಕ್ಕವನ್ನು ಹಿಂದಿನಿಂದ ಹಾಕಬೇಕು. ಮನೆಗೆ ಹಗಲು ಹೊತ್ತಿನಲ್ಲಿ ಸೇರಿಸುವ ರೈಲು ಯಾವುದು, ಅದನ್ನು ಮೊದಲು ಗೊತ್ತುಮಾಡಿಕೊಂಡು ಉಳಿದದ್ದನ್ನು ಆಮೇಲೆ ಕೂಡಿಸಬೇಕು. ಬೆಂಗಳೂರಿನವನಿಗೆ ಈ ಚಿಂತೆಯಿಲ್ಲ. ರಾತ್ರಿ ಹನ್ನೆರಡಕ್ಕೆ ಇಳಿದರೂ ಅವನಿಗೆ ಆಟೋ ಇದೆ.

ಕನ್ನಡಿ ತಿರುಗಿಸಿ ನೋಡಿದರೆ

ಈಗ ವಿಜಯಪುರದ ಒಬ್ಬ ಅಂಗಡಿಯವರು ಇದೇ ರಜೆಯಲ್ಲಿ ಬೇಲೂರು–ಹಳೇಬೀಡು ನೋಡಬೇಕೆಂದು ಹೊರಟರು ಅನ್ನಿ. ಅವರ ಊರಲ್ಲಿ ರೈಲು ಇಳಿದವರಿಗೆ ಗೋಳಗುಮ್ಮಟ ಹತ್ತಿರ. ಶ್ರೀರಂಗಪಟ್ಟಣದಲ್ಲಿ ಇಳಿದವರಿಗೆ ರಂಗನಾಥನ ಗುಡಿ ನಡಿಗೆಯ ದೂರ. ಬೇಲೂರು? ಹಾಸನ ಸ್ಟೇಷನ್ನಿನಿಂದ ನಲವತ್ತು ಕಿ.ಮೀ. ಹತ್ತಿರ. ಹಳೇಬೀಡಿಗೆ ಬಾಣಾವರ ಹತ್ತಿರದ ಸ್ಟೇಷನ್ನು ಅಂತ ಪಕ್ಕದ ಜಿಲ್ಲೆಯವರಿಗೇ ಗೊತ್ತಿಲ್ಲ. ವಿಜಯಪುರದವರಿಗೆ ಹೇಗೆ ಗೊತ್ತಾಗಬೇಕು? ನಸುಕಿನಲ್ಲಿ ಅರಸೀಕೆರೆಯಲ್ಲಿ ಇಳಿದು, ಹೆಂಡತಿ ಮಕ್ಕಳು ಚೀಲಗಳ ಸಮೇತ, "ಹಳೇಬೀಡಿಗೆ ಬಸ್ಸು ಎಲ್ಲಿ ನಿಲ್ತದ್ರಿ?" ಅಂತ ಕಂಡಕಂಡವರನ್ನು ಕೇಳುತ್ತಾರೆ. ಒಬ್ಬ ಹಾಸನಕ್ಕೆ ಹೋಗಿ ಅನ್ನುತ್ತಾನೆ, ಇನ್ನೊಬ್ಬ ಜಾವಗಲ್ಲಿಗೆ ಹೋಗಿ ಅನ್ನುತ್ತಾನೆ, ಮೂರನೆಯವನು ತನ್ನ ಟ್ಯಾಕ್ಸಿ ತೋರಿಸುತ್ತಾನೆ.

ಹೊಯ್ಸಳರ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು 2023ರ ಸೆಪ್ಟೆಂಬರ್ 18ರಂದು ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿ ಸೇರಿದವು. ಹಂಪಿ 1986ರಲ್ಲಿ, ಪಟ್ಟದಕಲ್ಲು 1987ರಲ್ಲಿ ಸೇರಿದ್ದ ಪಟ್ಟಿ ಅದು. ಇಡೀ ಜಗತ್ತೇ ಬನ್ನಿ ಅಂತ ಕರೆದ ಮನೆಗೆ ಬಾಗಿಲ ತನಕ ದಾರಿ ತೋರಿಸಬೇಡವೇ?

ಇಲ್ಲಿ ಅಂಗಡಿಯವರ ಲೆಕ್ಕವೂ ಇದೆ. ಕಾರಿನಲ್ಲಿ ಬಂದವನು ಗುಡಿ ನೋಡಿ, ಫೋಟೋ ಹಿಡಿದು, ಎಳನೀರು ಕುಡಿದು ಚಿಕ್ಕಮಗಳೂರಿನ ಹೋಂಸ್ಟೇ ಕಡೆ ಗಾಡಿ ತಿರುಗಿಸುತ್ತಾನೆ. ರೈಲು, ಬಸ್ಸಿನಲ್ಲಿ ಬಂದ ಸಂಸಾರ ಹಾಗಲ್ಲ. ಅವರು ಲಾಡ್ಜು ಹಿಡಿಯುತ್ತಾರೆ, ಎರಡು ಹೊತ್ತು ಊಟ ಮಾಡುತ್ತಾರೆ, ಮಗುವಿಗೆ ಮಾತ್ರೆ ಕೊಳ್ಳುತ್ತಾರೆ, ಆಟೋ ಹತ್ತುತ್ತಾರೆ, ಹೋಗುವಾಗ ಕಾಫಿ ಪುಡಿ, ಮೆಣಸು ಕಟ್ಟಿಸಿಕೊಂಡು ಹೋಗುತ್ತಾರೆ. ಜೇಬು ಸಣ್ಣದಾದರೂ ಹತ್ತು ಅಂಗಡಿಯಲ್ಲಿ ಬಿಚ್ಚುವ ಜೇಬು. ಅಂಥವರನ್ನು ದಾರಿಯಲ್ಲೇ ಸುಸ್ತು ಹೊಡೆಸಿ ಕಳಿಸಿದರೆ ನಷ್ಟ ಯಾರಿಗೆ?

ರೈಲು ಬರುತ್ತದೆ ಅಂತ ಕಾಯುತ್ತ

"ಬೇಲೂರಿಗೇ ರೈಲು ಬರ್ತದಲ್ಲ, ಆಗ ಎಲ್ಲ ಸರಿಹೋಗ್ತದೆ ಬಿಡಿ" ಅನ್ನುವವರು ಸ್ವಲ್ಪ ಹಳೆಯ ಕಡತ ತಿರುವಿ ನೋಡಬೇಕು. ಕಡೂರಿನಿಂದ ಚಿಕ್ಕಮಗಳೂರಿನ ಮೇಲೆ ಸಕಲೇಶಪುರಕ್ಕೆ ಅಂತ 1990ರ ದಶಕದಲ್ಲಿ ಹೊರಟ ಯೋಜನೆ ಅದು. ಕಡೂರು–ಚಿಕ್ಕಮಗಳೂರು ನಡುವೆ ರೈಲು ಓಡಿದ್ದು 2013ರ ನವೆಂಬರಿನಲ್ಲಿ. ಮುಂದಿನ ಭಾಗ ದಿಕ್ಕು ಬದಲಾಯಿಸಿ ಬೇಲೂರಿನ ಮೇಲೆ ಹಾಸನಕ್ಕೆ ಅಂತಾಯಿತು. ಬೇಲೂರಿನಲ್ಲಿ ಸೀಟಿ ಇನ್ನೂ ಕೇಳಿಸಿಲ್ಲ. ಬೆಂಗಳೂರು–ಹಾಸನ ಮಾರ್ಗವೂ ಹಾಗೆಯೇ. ಮಂಜೂರಾದದ್ದು ತೊಂಬತ್ತರ ದಶಕದಲ್ಲಿ, ಪೂರ್ತಿಯಾದದ್ದು 2017ರಲ್ಲಿ.

ರೈಲು ಬರಲಿ, ಬೇಗ ಬರಲಿ. ಆದರೆ ಕಂಬಿ ಹಾಕುವುದಕ್ಕೆ ಇಪ್ಪತ್ತು ವರ್ಷ ಬೇಕಾದರೆ ಬಸ್ಸಿನ ವೇಳೆ ಬದಲಾಯಿಸುವುದಕ್ಕೆ ಇಪ್ಪತ್ತು ದಿನ ಸಾಕು. ಇಂದು ಹುಟ್ಟಿದ ಮಗು ಬೇಲೂರು ಸ್ಟೇಷನ್ನಿನಿಂದಲೇ ಹಂಪಿಗೆ ಹೋದೀತು. ಇಂದು ಎಂಟನೇ ಕ್ಲಾಸಿನಲ್ಲಿ ಕೂತಿರುವ ಹುಡುಗಿ ಏನು ಮಾಡಬೇಕು?

ಆಗಬೇಕಾದದ್ದು ದೊಡ್ಡದೇನೂ ಅಲ್ಲ

ಬೆಳಿಗ್ಗೆ ಅರಸೀಕೆರೆಗೆ ಬರುವ ಮುಖ್ಯ ಗಾಡಿಗಳ ಹಿಂದೆಯೇ ಸ್ಟೇಷನ್ ಎದುರಿನಿಂದ ಜಾವಗಲ್, ಹಳೇಬೀಡು, ಬೇಲೂರಿಗೆ ಒಂದು ಬಸ್ಸು ಹೊರಡಬೇಕು. ಅದನ್ನು ಬಿಕ್ಕೋಡಿನ ತನಕ ಬಿಡಬೇಕು. ಸಂಜೆ ಅದೇ ಬಸ್ಸು ಬಿಕ್ಕೋಡಿನಿಂದ ಹೊರಟು ರಾತ್ರಿಯ ಗಾಡಿಗಳಿಗೆ ಮೊದಲು ಅರಸೀಕೆರೆ ಮುಟ್ಟಬೇಕು. ಒಂದು ಬಸ್ಸು, ಎರಡು ಸುತ್ತು, ಎರಡು ಕೆಲಸ. ಬೆಳಿಗ್ಗೆ ವಿಜಯಪುರದವರನ್ನು ಇತ್ತ ತರುತ್ತದೆ, ಸಂಜೆ ಬಿಕ್ಕೋಡಿನವರನ್ನು ಅತ್ತ ಒಯ್ಯುತ್ತದೆ. ಪ್ರತಿದಿನ ಆಗದಿದ್ದರೆ ಶನಿವಾರ, ಭಾನುವಾರ ಮತ್ತು ಶಾಲಾ ರಜೆಗಳಲ್ಲಿ ಶುರುಮಾಡಿ ನೋಡಲಿ.

"ರೈಲು ಲೇಟಾದರೆ ಬಸ್ಸು ಕಾಯಲಾಗುತ್ತದೆಯೇ?" ಅಂತ ಸಾರಿಗೆಯವರು ಕೇಳಬಹುದು. ಕಾಯಬೇಕಾಗಿಲ್ಲ. ರೈಲಿನ ವೇಳೆಗೂ ಬಸ್ಸಿನ ವೇಳೆಗೂ ನಡುವೆ ಮುಕ್ಕಾಲು ಗಂಟೆ ಬಿಟ್ಟರೆ ಹೆಚ್ಚಿನ ದಿನ ಸರಿಹೋದೀತು. ತಪ್ಪಿದವರಿಗೆ ಮುಂದಿನ ಬಸ್ಸು ಯಾವುದೆಂದು ತಿಳಿಸುವ ಫಲಕ ಇರಲಿ: ಅರಸೀಕೆರೆ, ಬಾಣಾವರ, ಹಾಸನ ಮೂರೂ ಸ್ಟೇಷನ್ನಿನಲ್ಲಿ ಬೇಲೂರು–ಹಳೇಬೀಡಿನ ಬಸ್ ವೇಳೆ, ಬೇಲೂರು, ಹಳೇಬೀಡು, ಬಿಕ್ಕೋಡು ಬಸ್ ಸ್ಟಾಪಿನಲ್ಲಿ ರೈಲಿನ ವೇಳೆ. ವೇಳೆ ಬದಲಾದ ದಿನವೇ ಫಲಕವೂ ಬದಲಾಗಬೇಕು. ಹಳೆಯ ವೇಳೆ ತೋರಿಸುವ ಫಲಕಕ್ಕಿಂತ ಖಾಲಿ ಗೋಡೆ ವಾಸಿ.

ಒಂದು ಎಚ್ಚರಿಕೆ ಮಾತ್ರ ಇರಲಿ. ಪ್ರವಾಸಿಗಳಿಗೆ ಅಂತ ಹಾಲಿ ಓಡುತ್ತಿರುವ ಬಸ್ಸನ್ನು ಕಿತ್ತುಕೊಳ್ಳಬಾರದು. ಬೆಳಿಗ್ಗೆ ಕಾಲೇಜಿಗೆ ಹೋಗುವ ಹುಡುಗಿಯರು, ಬೇಲೂರಿನ ಅಂಗಡಿಗಳಲ್ಲಿ ಕೆಲಸಕ್ಕೆ ಹೋಗುವವರು, ಆಸ್ಪತ್ರೆಗೆ ಹೋಗುವ ಮುದುಕರು ಬಾಗಿಲಲ್ಲಿ ಜೋತು ಬೀಳುವಂತಾದರೆ ಯುನೆಸ್ಕೋ ಪಟ್ಟಿ ತೆಗೆದುಕೊಂಡು ಏನು ಮಾಡುವುದು? ಕೊಡುವುದಾದರೆ ಹೆಚ್ಚುವರಿ ಬಸ್ಸು ಕೊಡಬೇಕು. ಅದೂ ದಾರಿಯ ಹಳ್ಳಿಗಳಲ್ಲಿ ನಿಲ್ಲುವ ಸಾಧಾರಣ ಬಸ್ಸೇ ಆಗಿರಬೇಕು. ಆಗ ಸೀಟು ಖಾಲಿ ಹೋಯಿತೆಂಬ ದೂರೂ ಬಾರದು, ಹೆಂಗಸರಿಗೆ ಟಿಕೆಟ್ಟಿನ ಚಿಂತೆಯೂ ಇರದು.

ಅಂಗಡಿಯವರೂ ಸುಮ್ಮನೆ ಕೂತು ಸರ್ಕಾರವನ್ನು ಬೈದರೆ ಸಾಲದು. ಅಂಗಡಿ ಮುಂದೆ ಬಸ್, ರೈಲಿನ ವೇಳೆ ಬರೆದು ಹಾಕುವುದಕ್ಕೆ ಯಾರ ಅಪ್ಪಣೆಯೂ ಬೇಡ. ಪರಊರಿನ ಮುಖ ಕಂಡ ಕೂಡಲೇ ಎಳನೀರಿಗೆ ಐದು, ಆಟೋಗೆ ಐವತ್ತು ಏರಿಸುವ ಚಾಳಿ ಬಿಟ್ಟರೆ ಹೋದವರು ಇನ್ನು ಹತ್ತು ಜನಕ್ಕೆ ಹೇಳುತ್ತಾರೆ. ಹತ್ತಿರದ ಶಾಲೆಯ ಮೇಷ್ಟರನ್ನು ಕೇಳಿಕೊಂಡರೆ ರಜೆಗೆ ಮೊದಲೇ ನಾಲ್ಕಾರು ಸಂಸಾರ ಒಟ್ಟು ಸೇರಿಸಿ, ರೈಲಿನ ಸೀಟು ಒಂದೇ ಸಲ ಕಾದಿರಿಸಬಹುದು. ಹತ್ತು ಜನ ಒಟ್ಟಿಗೆ ಹೊರಟರೆ ಭಯವೂ ಕಡಿಮೆ, ಖರ್ಚೂ ಕಡಿಮೆ.

ದ್ವಾರಸಮುದ್ರದ ಹೊಯ್ಸಳರು ತುಂಗಭದ್ರೆಯ ದಡದ ಹರಿಹರದ ತನಕ ಗುಡಿ ಕಟ್ಟಿಸಿದಾಗ ರೈಲಿರಲಿಲ್ಲ, ಬಸ್ಸಿರಲಿಲ್ಲ. ಈಗ ಎರಡೂ ಇವೆ. ಎರಡೂ ಒಂದನ್ನೊಂದು ನೋಡದೆ ಓಡುತ್ತಿವೆ, ಅಷ್ಟೇ. ರೈಲ್ವೆಯವರೂ ಸಾರಿಗೆಯವರೂ ಪ್ರವಾಸೋದ್ಯಮದವರೂ ಒಂದು ದಿನ ಒಂದೇ ಮೇಜಿನ ಸುತ್ತ ಕೂತು, ಎರಡು ವೇಳಾಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಸಾಕು, ಈ ದಸರೆಗಲ್ಲದಿದ್ದರೆ ಮುಂದಿನ ದಸರೆಗಾದರೂ ಬಿಕ್ಕೋಡಿನ ಹುಡುಗರು ಹಂಪಿ ಕಂಡಾರು.

ಶಾಸಕರು, ಸಂಸದರು ಮತ್ತು ಸಂಬಂಧಪಟ್ಟ ಇಲಾಖೆಗಳವರು ಇತ್ತ ಗಮನ ಹರಿಸುವರೇ? ಅಥವಾ ಹೋಟೆಲಿನ ಕಾಫಿ ಇನ್ನೊಂದು ವರ್ಷ ಹೀಗೇ ತಣ್ಣಗಾಗಬೇಕೇ?